ಯಾಸ್ನಾಯ ಪೊಲ್ಯಾನ: ಒಂದು ಮನೆ ಉಳಿದ ಬಗೆ

ಮಾಸ್ಕೋ ನಗರದಿಂದ ದಕ್ಷಿಣಕ್ಕೆ ಸುಮಾರು ೨೦೦ ಕಿಲೋಮೀಟರ್ ದೂರದಲ್ಲಿ, ತೂಲಾ ಪಟ್ಟಣದ ಸಮೀಪದಲ್ಲಿ, ಯಾಸ್ನಾಯ ಪೊಲ್ಯಾನವೆಂಬ ಸ್ಥಳವಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆ ಹೆಸರಿಗೆ ‘ಬೆಳಕಿನ ಬಯಲು’ ಎಂದು ಅರ್ಥಮಾಡಬಹುದು. ಲಿಯೋ ಟಾಲ್‌ಸ್ಟಾಯನು ೧೮೨೮ರಲ್ಲಿ ಹುಟ್ಟಿದುದು ಇಲ್ಲಿ. ತನ್ನ ೮೨ ವರ್ಷಗಳ ಆಯುಷ್ಯದಲ್ಲಿ ಐವತ್ತಕ್ಕೆ ಕಡಮೆಯಿಲ್ಲದಷ್ಟು ವರ್ಷಗಳನ್ನು ಕಳೆದುದು ಇಲ್ಲಿ. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನ’ ಎಂಬ ಎರಡು ಮಹಾಕಾದಂಬರಿಗಳನ್ನು ಬರೆದುದೂ ಇಲ್ಲಿಯೇ. ದೇ. ಜವರೇಗೌಡರ ಅನುವಾದಗಳ ಮೂಲಕ ಆ ಕಾದಂಬರಿಗಳನ್ನು ಕನ್ನಡದಲ್ಲಿ ಓದಿದವರಿಗೆ ಈ ಸ್ಥಳದ ಹೊಲ, ಕಾಡು, ಬೇಟೆ, ಹುಲ್ಲುಕೊಯ್ಲುಗಳು ಹೆಸರಿಲ್ಲದೆಯೇ ಪರಿಚಿತವಾಗಿರುತ್ತವೆ.

ಲೇಖಕರ ಮನೆಗಳನ್ನು ಸ್ಮಾರಕಗಳಾಗಿ ಕಾಯ್ದಿಡುವ ಪದ್ಧತಿ ಲೋಕದಲ್ಲಿ ಅಪರೂಪವೇನೂ ಅಲ್ಲ. ಆದರೆ ಯಾಸ್ನಾಯ ಪೊಲ್ಯಾನದ ವಿಷಯದಲ್ಲಿ ಬೇರೆಡೆ ಏಳದ ಒಂದು ಪ್ರಶ್ನೆ ಏಳುತ್ತದೆ. ಈ ಮನೆಯ ಒಡೆಯನು ಸ್ವತ್ತನ್ನು ಹೊಂದಿರುವುದೇ ಪಾಪವೆಂದು ನಂಬಿದವನು. ತನ್ನ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟವನು. ಕಡೆಗೆ ಎಂಬತ್ತೆರಡನೆಯ ವಯಸ್ಸಿನಲ್ಲಿ ರಾತ್ರೋರಾತ್ರಿ ಮನೆಯನ್ನೇ ತೊರೆದುಹೋದವನು. ಅಂಥವನ ಮನೆ, ಅವನು ತೊರೆದು ಶತಮಾನವೇ ಕಳೆದಿರುವಾಗಲೂ, ಕುರ್ಚಿ ಮೇಜುಗಳ ಸಮೇತ ಹೇಗೆ ಉಳಿದುಬಂದಿತು? ಯಾರಿಂದ ಉಳಿಯಿತು? ಇದನ್ನು ವಿಚಾರಿಸಿದರೆ ದೊರೆಯುವ ಉತ್ತರವು ಟಾಲ್‌ಸ್ಟಾಯನ ಭಕ್ತರಲ್ಲಿ ಅನೇಕರಿಗೆ ಅಷ್ಟಾಗಿ ರುಚಿಸದಿರಬಹುದು.

ಸಂದರ್ಶಕನು ಮೊದಲು ಕಾಣುವುದು ಬಿಳಿಯ ಎರಡು ಗುಂಡು ಗೋಪುರಗಳ ಹೆಬ್ಬಾಗಿಲನ್ನು. ಟಾಲ್‌ಸ್ಟಾಯನ ತಾಯಿಯ ತಂದೆಯಾದ ರಾಜಕುಮಾರ ನಿಕೊಲಾಯ್ ವೋಲ್ಕಾನ್ಸ್ಕಿಯ ಕಾಲದ ಕಟ್ಟಡವದು. ‘ಯುದ್ಧ ಮತ್ತು ಶಾಂತಿ’ಯ ಮುದುಕ ಬೋಲ್ಕಾನ್ಸ್ಕಿಯ ಪಾತ್ರಕ್ಕೆ ಈ ಅಜ್ಜನೇ ಮೂಲವೆಂಬುದು ಪ್ರಸಿದ್ಧವಾದ ವಿಷಯ. ಬಾಗಿಲನ್ನು ದಾಟಿದರೆ ಎಡಕ್ಕೆ ದೊಡ್ಡ ಕೆರೆ. ಅಲ್ಲಿಂದ ಮೇಲಕ್ಕೆ ಬರ್ಚ್ ಮರಗಳ ಸಾಲುದಾರಿ. ಈ ವೈಭವದ ದಾರಿಯ ತುದಿಯಲ್ಲಿ ಅರಮನೆಯೊಂದನ್ನು ನಿರೀಕ್ಷಿಸಿದವನಿಗೆ ಕಾಣುವುದು ಎರಡಂತಸ್ತಿನ ಸಾಧಾರಣ ಬಿಳಿಯ ಮನೆ. ಏಕೆಂದರೆ ಇದು ಮನೆಯಲ್ಲ, ಮನೆಯ ಪಾರ್ಶ್ವದಲ್ಲಿ ಕಟ್ಟಿದ್ದ ಉಪಗೃಹ. ಟಾಲ್‌ಸ್ಟಾಯನು ಹುಟ್ಟಿದ ದೊಡ್ಡ ಮನೆ ಇಲ್ಲಿ ಇಲ್ಲವೇ ಇಲ್ಲ.

ಅದು ಇಲ್ಲವಾದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕ್ರಿಮಿಯ ಯುದ್ಧದ ಕಾಲದಲ್ಲಿ ಸೇನಾಧಿಕಾರಿಯಾಗಿದ್ದ ಟಾಲ್‌ಸ್ಟಾಯನು ತನ್ನ ಸಂಗಡಿಗರೊಡನೆ ಸೇರಿ ಸೈನಿಕರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಲು ಯೋಚಿಸಿದನು. ಅದಕ್ಕೆ ಹಣ ಬೇಕಾಗಿತ್ತು. ೧೮೫೪ರಲ್ಲಿ ಅವನ ಸೂಚನೆಯಂತೆ ಅವನ ಭಾವನು ಆ ಮೂರಂತಸ್ತಿನ ಮನೆಯನ್ನು ನೆರೆಯ ಜಮೀನ್ದಾರನೊಬ್ಬನಿಗೆ ಐದು ಸಾವಿರ ಕಾಗದದ ರೂಬಲ್ಲುಗಳಿಗೆ ಮಾರಿದನು. ಕೊಂಡವನು ಮನೆಯನ್ನು ಬಿಚ್ಚಿ, ತನ್ನ ದೋಲ್ಗೊಯೆ ಗ್ರಾಮಕ್ಕೆ ಸಾಗಿಸಿ, ಅಲ್ಲಿ ಮತ್ತೆ ನಿಲ್ಲಿಸಿದನು. ಚಕ್ರವರ್ತಿಯು ಪತ್ರಿಕೆಗೆ ಅಪ್ಪಣೆ ಕೊಡಲಿಲ್ಲ. ಕೈಯಲ್ಲಿ ಉಳಿದ ಹಣವನ್ನು ಟಾಲ್‌ಸ್ಟಾಯನು ೧೮೫೫ರ ಆದಿಯಲ್ಲಿ ಇಸ್ಪೀಟಿನಲ್ಲಿ ಸೋತನು. ದೋಲ್ಗೊಯೆಯಲ್ಲಿ ಪಾಳುಬೀಳುತ್ತಿದ್ದ ಆ ಮನೆಯನ್ನು ೧೯೧೩ರಲ್ಲಿ ಕೆಡವಿಹಾಕಲಾಯಿತು. ಮೂಲಸ್ಥಳದಲ್ಲಿ ಈಗ ಮರಗಳು ಬೆಳೆದಿವೆ. ನಡುವೆ ಒಂದು ಕಲ್ಲು ಇಂಥ ಕಡೆ ಮನೆಯಿದ್ದಿತೆಂದು ತಿಳಿಸುತ್ತದೆ. ಸ್ವತ್ತಿನ ತ್ಯಾಗವನ್ನು ಲೋಕಕ್ಕೆ ಬೋಧಿಸಿದ ಮಹಾಪುರುಷನು ಮೊದಲು ಕಳೆದುಕೊಂಡ ಸ್ವತ್ತು ಜೂಜಿನ ಪಾಲಾಯಿತೆಂಬುದನ್ನು ಅವನ ಚರಿತ್ರಕಾರರು ಮುಚ್ಚಿಟ್ಟಿಲ್ಲ, ಅವನೂ ಮುಚ್ಚಿಡಲಿಲ್ಲ.

ಉಳಿದ ಉಪಗೃಹಕ್ಕೆ ೧೮೬೨ರಲ್ಲಿ ಹದಿನೆಂಟು ವರ್ಷದ ಸೋಫಿಯಾ ವಧುವಾಗಿ ಬಂದಳು. ಹದಿಮೂರು ಮಕ್ಕಳನ್ನು ಹೆತ್ತಳು. ಸಂಸಾರ ಬೆಳೆದಂತೆ ಮನೆಯೂ ತುಂಡುತುಂಡಾಗಿ ಬೆಳೆಯಿತು. ಆದುದರಿಂದಲೇ ಅದರ ಆಕಾರಕ್ಕೆ ಒಂದು ಶಿಲ್ಪಕ್ರಮವೆಂಬುದಿಲ್ಲ.

ಆ ದಿನಗಳ ಟಾಲ್‌ಸ್ಟಾಯನು ವೇದಾಂತಿಯಾಗಿರಲಿಲ್ಲ, ಹುರುಪಿನ ಬೇಸಾಯಗಾರನಾಗಿದ್ದನು. ಜೇನುಸಾಕಣೆ, ಹಂದಿಸಾಕಣೆ, ಕುದುರೆತಳಿ, ಹೊಸ ಕಾಡಿನ ನೆಡುವಿಕೆ ಹೀಗೆ ಒಂದೊಂದು ಕಾಲದಲ್ಲಿ ಒಂದೊಂದರಲ್ಲಿ ಅವನು ಮೈಮರೆಯುತ್ತಿದ್ದನು. ಇವುಗಳಲ್ಲಿ ಸ್ಥಿರವಾಗಿ ಫಲಕೊಟ್ಟುದು ಸೇಬಿನ ತೋಟ. ಅಜ್ಜನ ಕಾಲದ ತೋಟವನ್ನು ಅವನು ಹಲವು ಪಟ್ಟು ವಿಸ್ತರಿಸಿದನು. ಇಂದಿಗೂ ಸಂದರ್ಶಕನು ಆ ತೋಟದ ನಡುವೆಯೇ ನಡೆಯುತ್ತಾನೆ. ಇದು ಕೇವಲ ನೋಡುವ ತೋಟವಲ್ಲ, ಹಣ್ಣುಕೊಯ್ಯುವ ತೋಟ. ಕುದುರೆಲಾಯ, ಬಂಡಿಮನೆ, ಕಣಜಗಳೂ ಇವೆ. ಇವುಗಳಿಲ್ಲದೆ ಬರಿಯ ಬರವಣಿಗೆಯ ಕೋಣೆಯನ್ನು ಮಾತ್ರ ಕಾಯ್ದಿಟ್ಟಿದ್ದರೆ ಸ್ಮಾರಕವು ಅರ್ಧವಾಗುತ್ತಿತ್ತೆಂದೇ ನಮ್ಮ ಅಭಿಪ್ರಾಯ. ರೈತರೊಡನೆ ಸಾಲಿನಲ್ಲಿ ನಿಂತು ಕುಡುಗೋಲು ಬೀಸಿದ ಅನುಭವವಿಲ್ಲದವನಿಂದ ‘ಅನ್ನಾ ಕರೆನಿನ’ದ ಲೆವಿನ್ ಹುಲ್ಲುಕೊಯ್ಯುವ ಪ್ರಸಂಗ ಬರೆಯಿಸಿಕೊಳ್ಳಲಾರದು.

ಎದುರಿನ ಇನ್ನೊಂದು ಉಪಗೃಹದಲ್ಲಿ ೧೮೫೯ರಿಂದ ಕೆಲವು ವರ್ಷ ಅವನು ರೈತರ ಮಕ್ಕಳಿಗೆ ಶಾಲೆಯನ್ನು ನಡೆಸಿದನು. ದಂಡನೆಯಿಲ್ಲ, ಕಡ್ಡಾಯವಿಲ್ಲ, ಮನೆಪಾಠವಿಲ್ಲ. ೧೮೬೨ರಲ್ಲಿ ಅವನು ಊರಿನಲ್ಲಿಲ್ಲದಾಗ ಪೊಲೀಸರು ಬಂದು ಈ ಮನೆಗಳನ್ನೆಲ್ಲ ಶೋಧಿಸಿದರು. ನಿಷಿದ್ಧವಾದದ್ದೇನೂ ಸಿಕ್ಕಲಿಲ್ಲ.

ಮನೆಯೊಳಗಿನ ಕೋಣೆಗಳು ೧೯೧೦ರಲ್ಲಿ ಇದ್ದಂತೆಯೇ ಇವೆ. ಮೇಲಂತಸ್ತಿನ ದೊಡ್ಡ ಹಜಾರದಲ್ಲಿ ಊಟದ ಮೇಜು, ಎರಡು ಪಿಯಾನೋ, ಗೋಡೆಯ ಮೇಲೆ ಕ್ರಾಮ್‌ಸ್ಕೊಯ್ ೧೮೭೩ರಲ್ಲಿ ಬರೆದ ಭಾವಚಿತ್ರ, ರೇಪಿನ್ ೧೮೮೭ರಲ್ಲಿ ಬರೆದದ್ದು. ಬರವಣಿಗೆಯ ಕೋಣೆಯಲ್ಲಿ ಮೇಜಿನ ಪಕ್ಕದಲ್ಲಿ ಹಸುರು ಚರ್ಮದ ಒಂದು ಸೋಫಾ ಇದೆ. ಟಾಲ್‌ಸ್ಟಾಯನೂ, ಅವನ ಒಡಹುಟ್ಟಿದವರೂ, ಅವನ ಮಕ್ಕಳಲ್ಲಿ ಹಲವರೂ ಅದರ ಮೇಲೆಯೇ ಹುಟ್ಟಿದರು. ಹುಟ್ಟಿದ ಮನೆ ಹೋದರೂ ಹುಟ್ಟಿದ ಆಸನ ಉಳಿಯಿತು. ಅವನು ಕೊನೆಯ ದಿನಗಳಲ್ಲಿ ಓದುತ್ತಿದ್ದ ದಾಸ್ತೋಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯೂ ಅಲ್ಲಿದೆ. ಎಡಿಸನ್ ಮಹಾಶಯನು ೧೯೦೮ರಲ್ಲಿ ಕಾಣಿಕೆಯಾಗಿ ಕಳುಹಿಸಿದ ಧ್ವನಿಮುದ್ರಣಯಂತ್ರದಿಂದ ಟಾಲ್‌ಸ್ಟಾಯನ ಕಂಠವೂ ನಮಗೆ ಉಳಿದಿದೆ. ಗ್ರಂಥಭಂಡಾರದಲ್ಲಿ ಮೂವತ್ತಕ್ಕೂ ಹೆಚ್ಚಿನ ಭಾಷೆಗಳ ಸುಮಾರು ೨೨,೦೦೦ ಸಂಪುಟಗಳು. ಅನೇಕ ಪುಸ್ತಕಗಳ ಅಂಚಿನಲ್ಲಿ ಅವನ ಗುರುತುಗಳು. ಸಂಶೋಧಕನಿಗೆ ನಿಜವಾದ ನಿಧಿಯೆಂದರೆ ಇದೇ.

ಕೆಳಗಿನ ಕಮಾನುಕೋಣೆಯನ್ನು ಮಾತ್ರ ಮರೆಯಬಾರದು. ದಪ್ಪಗೋಡೆಯ ಆ ಕೋಣೆ ಅಜ್ಜನ ಕಾಲದಲ್ಲಿ ಉಗ್ರಾಣವಾಗಿತ್ತು. ಮಾಂಸವನ್ನು ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿಗಳು ಚಾವಣಿಯಲ್ಲಿ ಇನ್ನೂ ಇವೆ. ಮಕ್ಕಳ ಗದ್ದಲದಿಂದ ದೂರವೆಂದು ಟಾಲ್‌ಸ್ಟಾಯನು ಅಲ್ಲಿ ಕುಳಿತು ಬರೆಯುತ್ತಿದ್ದನು. ರೇಪಿನ್ ೧೮೯೧ರಲ್ಲಿ ಅವನನ್ನು ಚಿತ್ರಿಸಿದುದು ಅದೇ ಕೋಣೆಯಲ್ಲಿ.

ಇನ್ನು ವಿವಾದದ ವಿಷಯಕ್ಕೆ ಬರೋಣ. ೧೮೮೦ರ ಸುಮಾರಿನಲ್ಲಿ ಟಾಲ್‌ಸ್ಟಾಯನ ಮನಸ್ಸು ತಿರುಗಿತು. ಮನೆಯ ಮುಂದಿನ ಎಲ್ಮ್ ಮರದ ಕೆಳಗೆ ಪ್ರತಿದಿನ ಭಿಕ್ಷುಕರು, ಯಾತ್ರಿಕರು, ದೂರುಹೊತ್ತ ರೈತರು ಕಾದು ಕುಳಿತಿರುತ್ತಿದ್ದರು; ಅದಕ್ಕೆ ‘ಬಡವರ ಮರ’ವೆಂದೇ ಹೆಸರಾಯಿತು. ಹೊರಗೆ ಆ ಬೆಂಚು, ಒಳಗೆ ಕೈಚೀಲ ತೊಟ್ಟ ಆಳುಗಳು ಬಡಿಸುವ ಊಟ. ಇದು ಅವನಿಗೆ ಸಹಿಸದಾಯಿತು. ೧೮೯೧ರಲ್ಲಿ ತನ್ನ ೧೮೮೧ರ ಅನಂತರದ ಬರಹಗಳ ಹಕ್ಕನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟನು. ೧೮೯೨ರಲ್ಲಿ ಆಸ್ತಿಯನ್ನು ಹೆಂಡತಿಗೂ ಮಕ್ಕಳಿಗೂ ಹಂಚಿದನು. ಅಂದಿನಿಂದ ಕಾನೂನಿನ ದೃಷ್ಟಿಯಲ್ಲಿ ಅವನು ತನ್ನ ಮನೆಯಲ್ಲೇ ಅತಿಥಿ. ಆದರೆ ಮನೆಯ ಖರ್ಚು, ಆಳುಕಾಳು, ಬೆಳೆ, ಕಂದಾಯ, ಪುಸ್ತಕಪ್ರಕಟಣೆ ಇವು ನಿಲ್ಲುವಂತಿರಲಿಲ್ಲವಷ್ಟೆ. ಅವೆಲ್ಲವನ್ನೂ ಹೊತ್ತವಳು ಸೋಫಿಯಾ. ಸ್ವತ್ತಿನ ಪಾಪವನ್ನು ಗಂಡನು ಬಿಟ್ಟನು. ಅದರ ಲೆಕ್ಕದ ಪುಸ್ತಕವು ಹೆಂಡತಿಯ ಕೈಗೆ ಬಂದಿತು. ಕಾದಂಬರಿಗಳ ಕರಡುಗಳನ್ನು ಮತ್ತೆ ಮತ್ತೆ ಶುದ್ಧವಾಗಿ ನಕಲುಮಾಡಿದ್ದವಳೂ ಆಕೆಯೇ ಎಂಬುದನ್ನು ಇಲ್ಲಿ ನೆನೆಯಬೇಕು.

ಟಾಲ್‌ಸ್ಟಾಯನ ಶಿಷ್ಯ ಚೆರ್ಟ್‌ಕೋವನಿಗೂ ಸೋಫಿಯಾಳಿಗೂ ಹಗೆ ಬೆಳೆಯಿತು. ೧೯೧೦ರ ಜುಲೈ ೨೨ರಂದು ಕಾಡಿನಲ್ಲಿ, ಮರದ ಬುಡವೊಂದರ ಮೇಲೆ ಕಾಗದವಿಟ್ಟು, ಹೆಂಡತಿಗೆ ತಿಳಿಯದಂತೆ ಟಾಲ್‌ಸ್ಟಾಯನು ಉಯಿಲಿಗೆ ಸಹಿಹಾಕಿದನು. ಎಲ್ಲ ಕೃತಿಗಳ ಹಕ್ಕು ಕಿರಿಯ ಮಗಳು ಅಲೆಕ್ಸಾಂಡ್ರಾಳಿಗೆ ಹೋಯಿತು. ಅಕ್ಟೋಬರ್ ೨೮ರ ನಸುಕಿನಲ್ಲಿ ವೈದ್ಯನೊಬ್ಬನನ್ನು ಕರೆದುಕೊಂಡು ಮನೆಬಿಟ್ಟನು. ನವೆಂಬರ್ ೭ರಂದು ಅಸ್ತಾಪೊವೊ ಎಂಬ ರೈಲುನಿಲ್ದಾಣದಲ್ಲಿ ತೀರಿಕೊಂಡನು. (ಈ ಮೂರೂ ರಷ್ಯದ ಹಳೆಯ ಪಂಚಾಂಗದ ದಿನಗಳು, ಹೊಸದಕ್ಕೆ ಹದಿಮೂರು ದಿನ ಕೂಡಿಸಿಕೊಳ್ಳಬೇಕು.) ಓಡಿಬಂದ ಸೋಫಿಯಾಳನ್ನು ಅವನಿಗೆ ಪ್ರಜ್ಞೆಯಿರುವ ತನಕ ಒಳಕ್ಕೆ ಬಿಡಲಿಲ್ಲ.

ಮೇಲಿನ ವೃತ್ತಾಂತವನ್ನು ಲೋಕವೆಲ್ಲ ಬಲ್ಲದು. ಮಹಾತ್ಮನ ಹಾದಿಗೆ ಅಡ್ಡಬಂದ ಹೆಂಡತಿಯೆಂದು ಸೋಫಿಯಾಳನ್ನು ದೂರಿದವರೂ ಅಸಂಖ್ಯರು. ಅನಂತರದ ಒಂಬತ್ತು ವರ್ಷಗಳ ಕಥೆಯನ್ನು ಕೇಳಿದವರು ಮಾತ್ರ ಕಡಮೆ. ಗಂಡನ ಕೋಣೆಗಳಲ್ಲಿ ಒಂದು ವಸ್ತುವನ್ನೂ ಆಕೆಯು ಕದಲಿಸಲಿಲ್ಲ. ಬಂದವರಿಗೆ ತಾನೇ ಕೋಣೆಕೋಣೆಯನ್ನು ತೋರಿಸುತ್ತಿದ್ದಳು. ಯಾವ ವಸ್ತು ಎಲ್ಲಿತ್ತು, ಯಾರು ಕೊಟ್ಟದ್ದು ಎಂಬುದನ್ನು ಬರೆದಿಟ್ಟಳು. ೧೯೧೧ರಲ್ಲಿ ಸರಕಾರವು ಈ ಸ್ಥಳವನ್ನು ಕೊಂಡು ರಕ್ಷಿಸಬೇಕೆಂದು ಚಕ್ರವರ್ತಿ ಎರಡನೆಯ ನಿಕೊಲಾಸನಿಗೆ ಮನವಿ ಮಾಡಿಕೊಂಡಳು. ಆದರೆ ೧೯೦೧ರಲ್ಲಿ ಚರ್ಚಿನಿಂದ ಬಹಿಷ್ಕೃತನಾದವನ ಮನೆಯನ್ನು ಸರಕಾರದ ಹಣದಿಂದ ಕೊಳ್ಳುವುದೆಂದರೇನು? ಧರ್ಮಾಧಿಕಾರಿಗಳೂ ವಿದ್ಯಾಮಂತ್ರಿಯೂ ವಿರೋಧಿಸಿದರು. ಚಕ್ರವರ್ತಿಯು ಕೊಳ್ಳಲು ಒಪ್ಪದೆ, ವಿಧವೆಗೆ ವರ್ಷಕ್ಕೆ ಹತ್ತು ಸಾವಿರ ರೂಬಲ್ಲುಗಳ ವೇತನವನ್ನು ಗೊತ್ತುಮಾಡಿ ಕೈತೊಳೆದುಕೊಂಡನು.

ಬಿಕ್ಕಟ್ಟು ಬಿಡಿಸಿದವಳು ತಾಯಿಯೊಡನೆ ಮನಸ್ತಾಪವಿದ್ದ ಅಲೆಕ್ಸಾಂಡ್ರಾ. ತಂದೆಯ ಮರಣೋತ್ತರ ಕೃತಿಗಳ ಪ್ರಕಟಣೆಯಿಂದ ಬಂದ ಹಣದಿಂದ ಆಕೆಯು ತಾಯಿಯಿಂದಲೂ ಅಣ್ಣಂದಿರಿಂದಲೂ ಜಮೀನಿನ ಬಹುಭಾಗವನ್ನು ಕೊಂಡು, ತಂದೆಯ ಇಚ್ಛೆಯಂತೆ ೧೯೧೩ರಲ್ಲಿ ಯಾಸ್ನಾಯ ಪೊಲ್ಯಾನದ ರೈತರಿಗೆ ಹಂಚಿಕೊಟ್ಟಳು. ಮನೆ, ಉದ್ಯಾನ, ತೋಟ ಮತ್ತು ಸುತ್ತಲಿನ ಅಷ್ಟಿಷ್ಟು ನೆಲ ಸೋಫಿಯಾಳಲ್ಲಿ ಉಳಿದುವು. ವಿಚಿತ್ರವನ್ನು ನೋಡಿರಿ: ಯಾವ ಗ್ರಂಥಹಕ್ಕು ಅನ್ಯಾಯವೆಂದು ಟಾಲ್‌ಸ್ಟಾಯನು ಸಾರಿದನೋ ಅದೇ ಹಕ್ಕಿನ ಹಣವಿಲ್ಲದಿದ್ದರೆ ಅವನ ಭೂದಾನವು ಕಾಗದದ ಮೇಲೆಯೇ ಉಳಿಯುತ್ತಿತ್ತು. ಹಾಗೆಯೇ, ಯಾವ ಹೆಂಡತಿಯು ಸ್ವತ್ತನ್ನು ಬಿಗಿಹಿಡಿದಳೆಂದು ದೂರಿದರೋ ಅವಳ ಆ ಹಿಡಿತವಿಲ್ಲದಿದ್ದರೆ ಮನೆಯು ಹಂಚಿಕೆಯಲ್ಲಿ ಚೂರಾಗಿ ಹೋಗುತ್ತಿತ್ತು. ಇಬ್ಬರೂ ಪರಸ್ಪರ ವಿರುದ್ಧವಾದುದನ್ನು ಮಾಡಿದರೆಂದು ತೋರಿದರೂ, ಇಂದು ನಾವು ನೋಡುವ ಯಾಸ್ನಾಯ ಪೊಲ್ಯಾನವು ಆ ತಾಯಿಮಗಳಿಬ್ಬರ ಸೃಷ್ಟಿ.

೧೯೧೭ರ ಕ್ರಾಂತಿಯ ದಿನಗಳಲ್ಲಿ ಆ ಸೀಮೆಯ ಜಮೀನ್ದಾರರ ಮನೆಗಳು ಲೂಟಿಯಾದುವು, ಸುಟ್ಟುಹೋದುವು. ಇದು ಉಳಿಯಿತು. ೧೯೧೩ರಲ್ಲಿ ಭೂಮಿ ಪಡೆದಿದ್ದ ರೈತರಿಗೆ ಈ ಮನೆಯನ್ನು ಸುಡುವ ಕಾರಣವಿರಲಿಲ್ಲವೆಂಬುದನ್ನು ಗಮನಿಸಬೇಕು. ೧೯೧೯ರಲ್ಲಿ ಹೊಸ ಸರಕಾರವು ರಕ್ಷಣಪತ್ರವನ್ನು ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಸೋಫಿಯಾ ತೀರಿಕೊಂಡಳು. ಆಕೆಯನ್ನು ಗಂಡನ ಬಳಿಯಲ್ಲಿ ಹೂಳಲಿಲ್ಲ. ಸ್ವಲ್ಪ ದೂರದ ಕೊಚಾಕಿಯ ಕುಟುಂಬದ ಶ್ಮಶಾನದಲ್ಲಿ, ಮಗಳು ಮರಿಯಾಳ ಸಮೀಪದಲ್ಲಿ ಆಕೆಯ ಸಮಾಧಿಯಿದೆ. ಯಾತ್ರಿಕರಲ್ಲಿ ಅಲ್ಲಿಯವರೆಗೆ ಹೋಗುವವರು ವಿರಳ. ಮನೆಯನ್ನು ಉಳಿಸಿಕೊಟ್ಟವಳ ಋಣವನ್ನು ನೆನೆಯುವವರು ಆ ದೂರವನ್ನು ನಡೆಯಬೇಕು.

೧೯೨೧ರ ಜೂನ್ ೧೦ರ ಶಾಸನದಿಂದ ಯಾಸ್ನಾಯ ಪೊಲ್ಯಾನವು ರಾಷ್ಟ್ರೀಯ ಸಂಗ್ರಹಾಲಯವಾಯಿತು. ರಾಜಕೀಯ ಮೊಕದ್ದಮೆಯೊಂದರಲ್ಲಿ ಸೆರೆಮನೆ ಕಂಡುಬಂದ ಅಲೆಕ್ಸಾಂಡ್ರಾಳೇ ಅದರ ಪಾಲಕಿಯಾದಳು. ಹತ್ತಿರದಲ್ಲಿ ಶಾಲೆಯನ್ನೂ ಆಸ್ಪತ್ರೆಯನ್ನೂ ಕಟ್ಟಿಸಿದಳು. ೧೯೨೮ರಲ್ಲಿ ತಂದೆಯ ಶತಮಾನೋತ್ಸವ ನಡೆಯಿತು. ಆದರೆ ತಂದೆಯ ಧರ್ಮವನ್ನೂ ಅಹಿಂಸೆಯನ್ನೂ ಆ ಆಳಿಕೆಯಲ್ಲಿ ಬೋಧಿಸುವುದು ಹೆಚ್ಚುಕಾಲ ಸಾಧ್ಯವಿರಲಿಲ್ಲ. ೧೯೨೯ರಲ್ಲಿ ಜಪಾನಿಗೆ ಹೊರಟುಹೋದಳು. ಮುಂದೆ ಅಮೆರಿಕದಲ್ಲಿ ನೆಲೆಸಿ, ನಿರಾಶ್ರಿತರಿಗಾಗಿ ಟಾಲ್‌ಸ್ಟಾಯ್ ಪ್ರತಿಷ್ಠಾನವನ್ನು ಕಟ್ಟಿ, ೧೯೭೯ರಲ್ಲಿ ಅಲ್ಲಿಯೇ ಕಾಲವಾದಳು.

೧೯೪೧ರ ಶರತ್ಕಾಲದಲ್ಲಿ ಜರ್ಮನ್ ಸೇನೆ ತೂಲಾದ ಕಡೆಗೆ ಬಂದಾಗ, ಮುಖ್ಯ ವಸ್ತುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಮೊದಲು ಮಾಸ್ಕೋವಿಗೆ, ಅಲ್ಲಿಂದ ಸೈಬೀರಿಯದ ತೋಮ್‌ಸ್ಕಿಗೆ ಕಳುಹಿಸಿದರು. ಅಕ್ಟೋಬರ್ ೩೦ರಿಂದ ಡಿಸೆಂಬರ್ ೧೪ರವರೆಗೆ, ೪೫ ದಿನ, ಮನೆಯು ಶತ್ರುಗಳ ವಶದಲ್ಲಿದ್ದಿತು. ಟ್ಯಾಂಕುಪಡೆಯ ಸೇನಾನಿ ಗುಡೇರಿಯನ್ ಇಲ್ಲಿ ತನ್ನ ಬೀಡನ್ನಿಟ್ಟಿದ್ದನು. ಉದ್ಯಾನದ ಕಾಡಿನಲ್ಲಿ, ಟಾಲ್‌ಸ್ಟಾಯನ ಸಮಾಧಿಯ ಪಕ್ಕದಲ್ಲಿಯೇ, ಸತ್ತ ಜರ್ಮನ್ ಸೈನಿಕರನ್ನು ಹೂಳಲಾಯಿತು. ಹಿಂದೆಗೆಯುವಾಗ ಮನೆಯೊಳಗೆ ಬೆಂಕಿ ಹಚ್ಚಿದರು. ಅಲ್ಲಿಯೇ ಉಳಿದಿದ್ದ ಸಂಗ್ರಹಾಲಯದ ನೌಕರರು ಅದನ್ನು ಆರಿಸಿದರು. ಈ ವಿಷಯವು ೧೯೪೬ರಲ್ಲಿ ನ್ಯೂರೆಂಬರ್ಗ್ ನ್ಯಾಯಸ್ಥಾನದ ಮುಂದೆಯೂ ಬಂದಿತು. ತಾನು ಮನೆಗೆ ಹಾನಿ ಮಾಡಲಿಲ್ಲವೆಂದು ಗುಡೇರಿಯನ್ ತನ್ನ ಸ್ಮರಣೆಗಳಲ್ಲಿ ವಾದಿಸಿದ್ದಾನೆ. ಸುಟ್ಟ ನೆಲಹಾಸುಗಳ ಸಾಕ್ಷ್ಯದ ಮುಂದೆ ಆ ವಾದವು ನಿಲ್ಲುವುದು ಕಷ್ಟ. ಟಾಲ್‌ಸ್ಟಾಯನ ಮೊಮ್ಮಗಳು, ಕವಿ ಯೆಸೆನಿನನ ವಿಧವೆ, ಇನ್ನೊಬ್ಬ ಸೋಫಿಯಾ, ದುರಸ್ತಿಯ ಹೊಣೆ ಹೊತ್ತಳು. ತೋಮ್‌ಸ್ಕಿಗೆ ಹೋಗಿದ್ದ ವಸ್ತುಗಳು ೧೯೪೫ರ ಮೇ ತಿಂಗಳಲ್ಲಿ ಮರಳಿ ತಮ್ಮ ತಮ್ಮ ಸ್ಥಾನಗಳನ್ನು ಸೇರಿದುವು.

ಯುದ್ಧದಿಂದ ಪಾರಾದ ಸ್ಥಳಕ್ಕೆ ಶಾಂತಿಕಾಲದಲ್ಲಿ ಬೇರೊಂದು ಅಪಾಯ ಬಂದಿತು. ಸಮೀಪದ ಶ್ಚೋಕಿನೊ ಎಂಬಲ್ಲಿ ಎದ್ದ ದೊಡ್ಡ ರಾಸಾಯನಿಕ ಕಾರ್ಖಾನೆಯ ಹೊಗೆಯಿಂದ ಹಳೆಯ ಕಾಡಿನ ಮರಗಳು ಒಣಗತೊಡಗಿದುವು. ಇದರ ವಿರುದ್ಧ ಕೂಗೆದ್ದು ಕ್ರಮಗಳಾಗುವ ಹೊತ್ತಿಗೆ ದಶಕಗಳೇ ಸಂದುವು. ಬಡವರ ಮರವೂ ೧೯೬೦ರ ದಶಕದಲ್ಲಿ ಮುಪ್ಪಿನಿಂದ ಸತ್ತಿತು. ಅದೇ ಸ್ಥಳದಲ್ಲಿ ಅದೇ ಜಾತಿಯ ಹೊಸ ಮರವನ್ನು ನೆಟ್ಟಿದ್ದಾರೆ. ೧೯೯೪ರಿಂದ ೨೦೧೨ರವರೆಗೆ ಟಾಲ್‌ಸ್ಟಾಯನ ಮರಿಮೊಮ್ಮಗನ ಮಗ ವ್ಲಾದಿಮಿರ್ ಟಾಲ್‌ಸ್ಟಾಯ್ ನಿರ್ದೇಶಕನಾಗಿದ್ದನು. ಅವನ ಕಾಲದಲ್ಲಿ ತೋಟ, ಕುದುರೆಲಾಯಗಳಿಗೆ ಮತ್ತೆ ಜೀವ ಬಂದಿತು. ನಾನಾ ದೇಶಗಳಿಗೆ ಚೆದರಿಹೋದ ವಂಶದವರು ೨೦೦೦ದಿಂದೀಚೆಗೆ ಇಲ್ಲಿ ಕೂಡುವ ರೂಢಿಯೂ ಆಗ ಆರಂಭವಾಯಿತು.

ಭಾರತೀಯರಾದ ನಮಗೆ ಇಲ್ಲಿ ಇನ್ನೊಂದು ನೆನಪುಂಟು. ೧೯೦೯ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಗಾಂಧೀಜಿಯವರು ಬರೆದ ಮೊದಲ ಪತ್ರವು ತಲಪಿದುದು ಈ ಮನೆಗೆ. ೧೯೧೦ರಲ್ಲಿ ‘ಹಿಂದ್ ಸ್ವರಾಜ್’ ಪುಸ್ತಕದ ಇಂಗ್ಲಿಷ್ ರೂಪವನ್ನು ಟಾಲ್‌ಸ್ಟಾಯನು ಓದಿದನು. ಆ ವರ್ಷದ ಮೇ ೩೦ರಂದು ಕಾಲನ್‌ಬಾಕ್ ಮಹಾಶಯರು ಜೋಹಾನ್ಸ್‌ಬರ್ಗಿನ ಬಳಿಯ ೧,೧೦೦ ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಾಯಿತು. ಈ ಸುದ್ದಿಯು ಪತ್ರದ ಮೂಲಕ ಯಾಸ್ನಾಯ ಪೊಲ್ಯಾನದ ಮುದುಕನಿಗೆ ಮುಟ್ಟಿತು. ಸೆಪ್ಟೆಂಬರ್ ೭ರಂದು ಅವನು ಗಾಂಧೀಜಿಯವರಿಗೆ ದೀರ್ಘವಾದ ಕಡೆಯ ಪತ್ರವನ್ನು ಬರೆದನು. ಆಳುಗಳಿಲ್ಲದೆ, ತಮ್ಮ ಅಡಿಗೆ ತಾವು ಮಾಡಿ, ತಮ್ಮ ಚಪ್ಪಲಿ ತಾವು ಹೊಲಿದು ಬದುಕುವ ಪ್ರಯೋಗವು ಆ ಫಾರ್ಮಿನಲ್ಲಿ ೧೯೧೩ರವರೆಗೆ ನಡೆಯಿತು. ಟಾಲ್‌ಸ್ಟಾಯನಿಗೆ ತನ್ನ ಮನೆಯಲ್ಲಿ ಸಾಧ್ಯವಾಗದ ಬಾಳು ಅದು. ಆದರೆ ಆ ಫಾರ್ಮಿನ ಕಟ್ಟಡಗಳು ಕಾಯುವವರಿಲ್ಲದೆ ಅಳಿದುಹೋಗಿ, ತಳಪಾಯದ ಕುರುಹುಗಳಷ್ಟೇ ಉಳಿದುವು. ಅವನು ತೊರೆದ ಮನೆ ನಿಂತಿತು. ಅವನ ಹೆಸರಿನ ಆಶ್ರಮ ನಿಲ್ಲಲಿಲ್ಲ. ಅಲ್ಲಿ ಒಬ್ಬ ಸೋಫಿಯಾ ಇರಲಿಲ್ಲ.

ಮನೆಯಿಂದ ಹೊರಟ ದಾರಿಯು ತೋಟವನ್ನು ದಾಟಿ ‘ಸ್ತಾರಿ ಜಕಾಜ್’ ಎಂಬ ಹಳೆಯ ಕಾಡಿಗೆ ಹೋಗುತ್ತದೆ; ಕಡಿಯಬಾರದೆಂದು ಹಿಂದಿನಿಂದಲೂ ಕಾಯ್ದಿರಿಸಿದ ಕಾಡೆಂದು ಆ ಹೆಸರಿನ ಅರ್ಥ. ಸರ್ವರನ್ನೂ ಸುಖಿಗಳನ್ನಾಗಿ ಮಾಡುವ ರಹಸ್ಯವನ್ನು ಒಂದು ಹಸುರು ಕೋಲಿನ ಮೇಲೆ ಬರೆದು ಆ ಕಾಡಿನ ಕೊರಕಲಿನ ಅಂಚಿನಲ್ಲಿ ಹೂಳಿದೆಯೆಂದು ಅಣ್ಣ ನಿಕೊಲಾಯ್ ಬಾಲ್ಯದಲ್ಲಿ ತಮ್ಮಂದಿರಿಗೆ ಹೇಳುತ್ತಿದ್ದನಂತೆ. ತನ್ನನ್ನು ಅಲ್ಲಿ ಹೂಳಬೇಕೆಂದು ಟಾಲ್‌ಸ್ಟಾಯನು ಬರೆದಿಟ್ಟಿದ್ದನು, ಹಾಗೆಯೇ ಆಯಿತು. ಚರ್ಚಿನ ವಿಧಿಯಿರಲಿಲ್ಲ, ರೈತರು ಹೆಣವನ್ನು ಹೊತ್ತರು. ಸಮಾಧಿಗೆ ಶಿಲುಬೆಯಿಲ್ಲ, ಕಲ್ಲಿಲ್ಲ, ಹೆಸರಿಲ್ಲ. ಹುಲ್ಲು ಬೆಳೆದ ಮಣ್ಣಿನ ದಿಬ್ಬ ಮಾತ್ರ. ಅಲ್ಲಿ ಮಾತನಾಡಬಾರದೆಂದು ಸಂದರ್ಶಕರಿಗೆ ಸೂಚನೆಯುಂಟು. ಸುತ್ತಣ ಸೀಮೆಯ ನವದಂಪತಿಗಳು ಮದುವೆಯ ದಿನ ಬಂದು ದಿಬ್ಬದ ಬಳಿ ಹೂವಿಟ್ಟು ಹೋಗುತ್ತಾರೆ.